ಎಸ್‌ಎಸ್‌ಡಿ ಕೀಳುವ ಮೊದಲು ಎಣಿಕೆ ನೋಡಿ

ಸರ್ವರ್ ಇದ್ದಕ್ಕಿದ್ದಂತೆ ‘ರೀಡ್ ಓನ್ಲಿ’ ಆದರೆ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಬಟನ್ನಿಗೆ. ತಡೆಯಿರಿ. ಸವೆದ ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಡೇಟಾ ಇಡುವ ಡಿಸ್ಕ್) ಬರೆಯುವುದನ್ನು ನಿಲ್ಲಿಸಿದ ಮೇಲೂ ಓದಲು ಸಿಗಬಹುದು. ಒಮ್ಮೆ ಕರೆಂಟ್ ಹೋಗಿ ಬಂದರೆ ಮತ್ತೆ ಕಾಣಿಸದೆಯೂ ಇರಬಹುದು. ಮೊದಲು ಡೇಟಾ ಕಾಪಿ ಮಾಡಿಕೊಳ್ಳಿ.

ಆಮೇಲೆ ಡಿಸ್ಕಿನ ಆರೋಗ್ಯದ ಎಣಿಕೆಗಳನ್ನು ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ಕಮಾಂಡ್ ಓಡಿಸಿ. ಎನ್‌ವಿಎಂಇ (ಹೊಸ, ವೇಗದ ಸಂಪರ್ಕ) ಡಿಸ್ಕಾದರೆ ‘ಪರ್ಸೆಂಟೇಜ್ ಯೂಸ್ಡ್’ 100 ದಾಟಿದ ಮಾತ್ರಕ್ಕೆ ಗಾಬರಿ ಬೇಡ, ಕಂಪನಿ ಲೆಕ್ಕ ಹಾಕಿದ ಬರಹದ ಆಯಸ್ಸು ಮುಗಿಯಿತು ಅಷ್ಟೇ. ‘ಅವೈಲೆಬಲ್ ಸ್ಪೇರ್’ (ಕೆಟ್ಟ ಜಾಗಕ್ಕೆ ಬದಲಿಯಾಗಿ ಉಳಿದಿರುವ ಮೀಸಲು ಜಾಗ) ಮಿತಿಗಿಂತ ಇಳಿದಿದ್ದರೆ ಅಥವಾ ಮೀಡಿಯಾ ಎರರ್ ಏರುತ್ತಿದ್ದರೆ ಮಾತ್ರ ಹೊಸದು ತರಿಸಿ.

ಸಾಟಾ (ಹಳೆಯ ಬಗೆಯ ಸಂಪರ್ಕ) ಡಿಸ್ಕಿನಲ್ಲಿ 199 ಎಂಬ ಐಡಿ ಇರುವ ಸಾಲು ನೋಡಿ: ಸಿಆರ್‌ಸಿ ಎರರ್. ನಮ್ಮ ಕರಾವಳಿಯಲ್ಲಿ ಒಳ್ಳೆಯ ಡಿಸ್ಕನ್ನು ಸುಮ್ಮನೆ ಎಸೆಯುವಂತೆ ಮಾಡುವ ಸಾಲು ಇದು. ತೊಂದರೆ ಸಾಮಾನ್ಯವಾಗಿ ಡಿಸ್ಕಿನೊಳಗೆ ಇರುವುದಿಲ್ಲ. ಕೇಬಲ್ ಅಥವಾ ಬ್ಯಾಕ್‌ಪ್ಲೇನ್ (ಡಿಸ್ಕ್ ಸ್ಲಾಟುಗಳ ಹಿಂದಿನ ಬೋರ್ಡ್) ದಾರಿಯಲ್ಲಿ ಡೇಟಾ ಕೆಡುತ್ತಿರುತ್ತದೆ. ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ, ಸಂಜೆ ಎಸಿ ಆರಿಸಿ ಹೋಗುವ ಆಫೀಸುಗಳಲ್ಲಿ, ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಸೇರಿ ಕನೆಕ್ಟರ್ ತಿನ್ನುತ್ತವೆ. ಸರ್ವರ್ ಆಫ್ ಮಾಡಿ, ಡಿಸ್ಕ್ ಯಾವ ಸ್ಲಾಟಿನದು ಎಂದು ಚೀಟಿ ಅಂಟಿಸಿ, ಹೊರಗೆಳೆದು ಟಾರ್ಚ್ ಹಿಡಿಯಿರಿ. ಬಂಗಾರ ಬಣ್ಣದ ಪಟ್ಟಿಗಳ ಅಂಚಿನಲ್ಲಿ ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಬಿಡಿ, ಲೇಪ ಸವೆಯುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿ.

ಈ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಇವತ್ತಿನ ಸಂಖ್ಯೆ ಬರೆದಿಟ್ಟು ವಾರ ಬಿಟ್ಟು ನೋಡಿ. ಆಗಲೂ ಏರಿದ್ದರೆ ಕೇಬಲ್ ಬದಲಿಸಿ, ಅಥವಾ ಡಿಸ್ಕನ್ನು ಬೇರೆ ಸ್ಲಾಟಿಗೆ ಹಾಕಿ. ಏರಿಕೆ ಅಲ್ಲಿಗೆ ನಿಂತರೆ ತಪ್ಪು ಹಳೆಯ ಕೇಬಲ್ಲಿನದು ಅಥವಾ ಸ್ಲಾಟಿನದು.

ಬರೆಯುವ ವೇಗ ಕುಸಿದಿದ್ದರೆ ಎರಡೇ ಮಾತು: ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ರಿಮ್ ಟೈಮರ್ (ಅಳಿಸಿದ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸುವ ‘ಟ್ರಿಮ್’ ಅನ್ನು ಆಗಾಗ ಓಡಿಸುವುದು) ಚಾಲೂ ಇದೆಯೇ, ಡಿಸ್ಕಿನ ಬಿಸಿ 70 ಡಿಗ್ರಿ ಮುಟ್ಟುತ್ತಿದೆಯೇ ನೋಡಿ. ಹಲವು ಹಾರ್ಡ್‌ವೇರ್ ರೇಡ್ (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಹಲವನ್ನು ಜೋಡಿಸುವ ವ್ಯವಸ್ಥೆ) ಕಾರ್ಡ್‌ಗಳು ಟ್ರಿಮ್ ಅನ್ನು ಡಿಸ್ಕಿಗೆ ದಾಟಿಸುವುದೇ ಇಲ್ಲ.

‘ಅನ್‌ಸೇಫ್ ಶಟ್‌ಡೌನ್’ ಎಣಿಕೆ ಏರುತ್ತಿದ್ದರೆ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ ಎಂದರ್ಥ. ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿ ಆಫ್ ಆಗುವಂತೆ ಯುಎಸ್‌ಬಿ ಕೇಬಲ್ ಹಾಕಿ, ಸಾಫ್ಟ್‌ವೇರ್ ಹೊಂದಿಸಿ. ಡೇಟಾಬೇಸ್‌ಗೆ, ಕರೆಂಟ್ ಹೋದರೂ ಬರಹ ಮುಗಿಸುವಷ್ಟು ಕೆಪಾಸಿಟರ್ ಇರುವ ಡಿಸ್ಕೇ ಬೇಕು.

ಡಿಸ್ಕಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಮರೆಯಬೇಡಿ. ಸರ್ವರ್ ಕಂಪನಿ ಎಚ್‌ಪಿಇ 2019ರಲ್ಲಿ ತನ್ನ ಕೆಲವು ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಸಂಪರ್ಕ) ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಸಾಯುತ್ತವೆ ಎಂದು ಎಚ್ಚರಿಸಿ, ತಿದ್ದಿದ ಫರ್ಮ್‌ವೇರ್ ಕೊಟ್ಟಿತು. ಒಂದೇ ದಿನ ಹಾಕಿದ ಡಿಸ್ಕುಗಳಾದರೆ ಎಲ್ಲ ಒಟ್ಟಿಗೇ ಹೋಗುತ್ತವೆ, ಆಗ ರೇಡ್ ಏನು ಮಾಡೀತು?

ಇನ್ನು, ಹಳೆಯ ಎಸ್‌ಎಸ್‌ಡಿಯಲ್ಲಿ ಬ್ಯಾಕಪ್ ತುಂಬಿಸಿ ಕಪಾಟಿನಲ್ಲಿಡುವವರಿದ್ದಾರೆ. ಆಯಸ್ಸು ಮುಗಿದ ಸರ್ವರ್ ಎಸ್‌ಎಸ್‌ಡಿ ಕರೆಂಟಿಲ್ಲದೆ 40 ಡಿಗ್ರಿಯಲ್ಲಿ ಡೇಟಾ ಹಿಡಿದಿಡಬೇಕೆಂದು ಜೆಡೆಕ್ (ಚಿಪ್ ಉದ್ಯಮದ ಮಾನದಂಡ ಸಂಸ್ಥೆ) ಮಾನದಂಡ ಕೇಳುವುದು 3 ತಿಂಗಳು ಮಾತ್ರ. ಅಂಥ ಬ್ಯಾಕಪ್‌ಗೆ ಹಾರ್ಡ್‌ಡಿಸ್ಕ್ ಬಳಸಿ.