ಸೇನೆಯ ಕನೆಕ್ಟರ್‌ಗೆ ಪಿನ್ ಕೂರಿಸುವುದು ಹೇಗೆ?

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆ ವೈರ್ ಹಾರ್ನೆಸ್ (ವೈರ್‌ಗಳ ಕಟ್ಟು) ಕೆಲಸಕ್ಕೆ ಸೇರುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು 38999 ಎಂಬ ಹೆಸರು ಕೇಳಿರುತ್ತೀರಿ. ವಿಮಾನ, ರೇಡಾರ್‌ಗಳಲ್ಲಿ ಬಳಸುವ ದುಂಡನೆಯ ಲೋಹದ ಕನೆಕ್ಟರ್ ಅದು. ಅಮೆರಿಕದ ರಕ್ಷಣಾ ಇಲಾಖೆ ಇದರ ಅಳತೆ ಗೊತ್ತು ಮಾಡಿದೆ. ಹಾಗಾಗಿ ಒಂದು ಕಂಪನಿಯ ಪ್ಲಗ್ ಇನ್ನೊಂದರ ರಿಸೆಪ್ಟಕಲ್‌ಗೆ (ಪ್ಲಗ್ ಕೂರುವ ಎದುರು ಭಾಗ) ಕೂರುತ್ತದೆ. ನಮ್ಮ ಮೂರೂ ಪಡೆಗಳಿಗೆ ಜೆಎಸ್‌ಎಸ್ (ಜಾಯಿಂಟ್ ಸರ್ವೀಸಸ್ ಸ್ಪೆಸಿಫಿಕೇಶನ್) ಮಾನದಂಡಗಳಿವೆ. ಇಷ್ಟಿದ್ದರೂ ಪಿನ್ನಿಗೆ ವೈರ್ ಒತ್ತುವುದು ನಮ್ಮ ಕೈ. ಕೆಡುವ ಸಾಧ್ಯತೆ ಜಾಸ್ತಿ ಇರುವುದೂ ಅಲ್ಲೇ.

ಮೊದಲು ನಂಬರ್ ಓದಿ. ಡಿ38999/26ಡಬ್ಲ್ಯೂಬಿ35ಪಿಎನ್ ಎಂದಿದೆ ಅನ್ನಿ. 26 ಅಂದರೆ ನೇರ ಪ್ಲಗ್. ಡಬ್ಲ್ಯೂ, ಆಲಿವ್ ಬಣ್ಣದ ಕ್ಯಾಡ್ಮಿಯಂ ಲೇಪ. ಬಿ35 ಅಂದರೆ 22ಡಿ ಅಳತೆಯ 13 ಕಾಂಟ್ಯಾಕ್ಟ್ (ಕರೆಂಟ್ ಹಾಯುವ ಪಿನ್ ಅಥವಾ ಸಾಕೆಟ್). ಪಿ ಎಂದರೆ ಪಿನ್. ಕೊನೆಯ ಎನ್, ಕೀ (ಸರಿಯಾದ ಜೋಡಿ ಮಾತ್ರ ಕೂರಲಿ ಅಂತ ಇರುವ ಉಬ್ಬು) ಇರುವ ಜಾಗ ಹೇಳುತ್ತದೆ. ಪಕ್ಕಪಕ್ಕದ ಕನೆಕ್ಟರ್‌ಗಳು ಅದಲುಬದಲಾಗದಿರಲಿ ಅಂತ ಒಂದಕ್ಕೆ ಎನ್, ಇನ್ನೊಂದಕ್ಕೆ ಎ ಕೊಡುತ್ತಾರೆ. ಸ್ಟಾಕ್‌ನಲ್ಲಿ ಎನ್ ಇಲ್ಲ ಅಂತ ಎ ತಂದರೆ ಕೂರುವುದೇ ಇಲ್ಲ.

ಪಿನ್ ಮೇಲಿನ ಮೂರು ಬಣ್ಣದ ಪಟ್ಟೆ ನೋಡಿ. ಕಿತ್ತಳೆ, ನೀಲಿ, ಕಪ್ಪು ಇದ್ದರೆ ಆ ಪಿನ್ನಿನ ನಂಬರ್ 360. ರೆಸಿಸ್ಟರ್ ಓದುವ ಲೆಕ್ಕವೇ, ಅಲ್ವಾ?

ಈಗ ಕ್ರಿಂಪ್, ಅಂದರೆ ವೈರನ್ನು ಪಿನ್ನಿಗೆ ಒತ್ತಿ ಕೂರಿಸುವುದು. ಟೂಲ್‌ಗೆ ಆ ಪಿನ್ನಿನ ಪೊಸಿಷನರ್ (ಪಿನ್ನನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಭಾಗ) ಹಾಕಿ. ವೈರ್ ದಪ್ಪಕ್ಕೆ (ಗೇಜ್) ತಕ್ಕ ಸೆಲೆಕ್ಟರ್ ನಂಬರ್ ಪೊಸಿಷನರ್ ಮೇಲೆಯೇ ಇರುತ್ತದೆ. ಕೆಲಸ ಶುರು ಮಾಡುವ ಮುಂಚೆ ಅಳತೆ ನೋಡುವ ಗೇಜ್ ಪಿನ್ ಹಾಕಿ ಟೂಲ್ ಪರೀಕ್ಷಿಸಿ: ಹಸಿರು ತುದಿ ಹೋಗಬೇಕು, ಕೆಂಪು ತುದಿ ಹೋಗಬಾರದು. ಸವೆದ ಟೂಲ್ ನೋಡುವುದಕ್ಕೆ ಚೆನ್ನಾಗಿಯೇ ಕಾಣುತ್ತದೆ, ಅದಕ್ಕೇ ಈ ಹೆಜ್ಜೆ ಬಿಡಬೇಡಿ. ವೈರಿನ ಸಿಪ್ಪೆ ಸುಲಿಯುವಾಗ ಒಂದು ಎಳೆಯೂ ಕತ್ತರಿಸಬಾರದು. ಒತ್ತಿದ ಮೇಲೆ ಪಿನ್ನಿನ ಪುಟ್ಟ ತೂತಿನಲ್ಲಿ ತಾಮ್ರದ ಎಳೆಗಳು ಕಾಣಬೇಕು. ಕಾಣಲಿಲ್ಲ ಎಂದರೆ ಕತ್ತರಿಸಿ ಹೊಸ ಪಿನ್ ಹಾಕಿ. ಗಟ್ಟಿಯಾಗಲಿ ಅಂತ ಸೋಲ್ಡರ್ ಮಾತ್ರ ಹಾಕಲೇಬೇಡಿ. ಅದು ಎಳೆಗಳ ನಡುವೆ ಮೇಲಕ್ಕೆ ಹತ್ತಿ ವೈರ್ ಬಿರುಸಾಗುತ್ತದೆ, ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ.

ಪ್ಲಾಸ್ಟಿಕ್ ಟೂಲ್‌ನ ಹಸಿರು ತುದಿಯಿಂದ ಪಿನ್ನನ್ನು ಕನೆಕ್ಟರ್‌ನ ಹಿಂದಿನಿಂದ ನೇರವಾಗಿ ತಳ್ಳಿ. ಲಾಕ್ ಆದಾಗ ಕೈಗೆ ಗೊತ್ತಾಗುತ್ತದೆ. ವೈರ್ ಮೆಲ್ಲಗೆ ಎಳೆದು ನೋಡಿ. ತೆಗೆಯುವುದಕ್ಕೆ ಬಿಳಿ ತುದಿ. ಖಾಲಿ ತೂತುಗಳಿಗೂ ಪಿನ್, ಸೀಲಿಂಗ್ ಪ್ಲಗ್ ಹಾಕಿ, ಇಲ್ಲದಿದ್ದರೆ ತೇವ ಒಳಗಿಳಿಯುತ್ತದೆ.

ಜೋಡಿಸುವಾಗ ಪ್ಲಗ್‌ನ ರಿಂಗ್ ಸುಮಾರು ಒಂದು ಸುತ್ತಿನಲ್ಲೇ ಪೂರ್ತಿ ಕೂರುತ್ತದೆ. ರಿಸೆಪ್ಟಕಲ್ ಮೇಲಿನ ಕೆಂಪು ಪಟ್ಟೆ ಇನ್ನೂ ಕಾಣುತ್ತಿದೆಯಾ? ಟೇಪ್ ಸುತ್ತಿ ಸುಮ್ನೆ ಬಿಡಬೇಡಿ. ಬಿಚ್ಚಿ, ಕೀ ನೋಡಿ, ಪಟ್ಟೆ ಮರೆಯಾಗುವವರೆಗೆ ಮತ್ತೆ ತಿರುಗಿಸಿ.