ಆರು ಕಂತಿಗೆ ಮುಗಿದುಹೋದ ನನ್ನ ಮೊದಲ ನಾಯಕ

ನನ್ನ ಮೊದಲ ನಾಯಕ ಆರನೇ ಕಂತಿನಲ್ಲೇ ರಾಕ್ಷಸರಾಜನನ್ನು ಕೊಂದುಬಿಟ್ಟ. ಏಳನೇ ಕಂತಿಗೆ ಏನು ಬರೆಯಬೇಕೋ ತೋಚಲಿಲ್ಲ. ಒಂದು ವಾರ ಒದ್ದಾಡಿ, ಕಥೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಜಪಾನಿನ ಮರುಹುಟ್ಟಿನ ಕಥೆಗಳನ್ನು ನಾನು ಓದತೊಡಗಿದ್ದು ಭಾಷೆ ಕಲಿಯಲಿಕ್ಕೆ. ಜಪಾನಿ ಕ್ಲಾಸಿನ ಗೆಳತಿ ‘ಶೋಸೆತ್ಸುಕಾ ನಿ ನಾರೋ’ ತಾಣ ತೋರಿಸಿದಳು. ‘ಕಾದಂಬರಿಕಾರರಾಗೋಣ’ ಅಂತ ಅರ್ಥ. 2004ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಬರೆದು ಹಾಕಬಹುದು, ಓದಲು ದುಡ್ಡು ಕೊಡಬೇಕಿಲ್ಲ. ಅಲ್ಲಿ ಒಂದು ಅಚ್ಚು ಬೇರೂರಿದೆ. ಬದುಕಿನಲ್ಲಿ ಏನೂ ದಕ್ಕದ ಒಬ್ಬ ಮನುಷ್ಯ ಲಾರಿಗೆ ಸಿಕ್ಕಿ ಸಾಯುತ್ತಾನೆ. ಮಾಟಮಂತ್ರದ ಲೋಕದಲ್ಲಿ ಮತ್ತೆ ಹುಟ್ಟುತ್ತಾನೆ. ಹಳೆಯ ನೆನಪೆಲ್ಲ ಹಾಗೇ ಇರುತ್ತದೆ, ಜೊತೆಗೆ ಬೇರೆ ಯಾರಿಗೂ ಇಲ್ಲದ ಶಕ್ತಿ. ಆ ಶಕ್ತಿಗೆ ‘ಚೀಟೊ’ ಅನ್ನುತ್ತಾರೆ. ವಿಡಿಯೋ ಗೇಮಿನ ಚೀಟ್ ಪದವೇ ಅದು. ಇಂಥ ಕಥೆಗಳು ಎಷ್ಟು ತುಂಬಿಕೊಂಡವೆಂದರೆ, 2016ರಲ್ಲಿ ತಾಣದವರು ಬೇರೆ ಲೋಕದ ಕಥೆಗಳಿಗೆ ರ್‍ಯಾಂಕಿಂಗ್ ಪಟ್ಟಿಯನ್ನೇ ಬೇರೆ ಮಾಡಿದರು.

ಇವನ್ನು ಹಗುರವಾಗಿ ಮಾತಾಡುವವರು ಜಾಸ್ತಿ. ನನಗೆ ಇವು ಇಷ್ಟ. ದಿನವಿಡೀ ಬೇರೆಯವರ ಮಾತು ಕೇಳಿಸಿಕೊಂಡು ಮನೆಗೆ ಬಂದವಳಿಗೆ, ಸೋಲದ ಒಬ್ಬನ ಜೊತೆ ಅರ್ಧ ಗಂಟೆ ಕಳೆಯುವುದು ಸಣ್ಣ ಸುಖವಲ್ಲ. ಹಾಗಾಗಿಯೇ ಇದೇ ಅಚ್ಚಿನಲ್ಲಿ ಕನ್ನಡದಲ್ಲಿ ಬರೆದ ನನ್ನ ಕಥೆ ಯಾಕೆ ಕೆಟ್ಟಿತು ಅಂತ ತಿಳಿಯಲೇಬೇಕಿತ್ತು. ನೋಟ್‌ಬುಕ್ ಹಿಡಿದು, ಮೆಚ್ಚಿದ ಕಥೆಗಳ ಮೊದಲ ಕಂತುಗಳನ್ನು ಮತ್ತೆ ಓದಿದೆ. ಪ್ರತಿ ಕಂತಿಗೂ ಒಂದೇ ಪ್ರಶ್ನೆ: ಇವನ ಕೈಲಿ ಏನು ಆಗಲ್ಲ?

ಸ್ಲೈಮ್ ಆಗಿ ಹುಟ್ಟುವವನ ಕಥೆ ಗೊತ್ತಲ್ವಾ? ಮೂವತ್ತೇಳು ವರ್ಷದ ಕಂಪನಿ ನೌಕರ, ಚೂರಿ ಇರಿತಕ್ಕೆ ಸತ್ತು, ಗುಹೆಯೊಂದರಲ್ಲಿ ಲೋಳೆಯ ಮುದ್ದೆಯಾಗಿ ಹುಟ್ಟುತ್ತಾನೆ. ಏನನ್ನು ನುಂಗಿದರೂ ಅದರ ಶಕ್ತಿ ಅವನದಾಗುತ್ತದೆ. ಆದರೆ ಕಣ್ಣಿಲ್ಲ, ಬಾಯಿಲ್ಲ. ಸುತ್ತಲಿನದನ್ನು ಕಾಣುವ ವಿದ್ಯೆ ಹೇಳಿಕೊಡುವುದು, ಮುನ್ನೂರು ವರ್ಷದಿಂದ ಅಲ್ಲೇ ಸೆರೆಯಲ್ಲಿರುವ, ಮಾತಿಗೆ ಹಸಿದ ಒಂದು ಡ್ರ್ಯಾಗನ್.

ಇನ್ನೊಂದು ‘ಮುಶೋಕು ತೆನ್ಸೇಯಿ’. 2012ರಿಂದ 2015ರವರೆಗೆ ಬಂದ ಕಥೆ. ವರ್ಷಗಟ್ಟಲೆ ಮನೆಯಿಂದ ಹೊರಗೇ ಬರದೆ ಬದುಕಿ, ಮೂವತ್ತನಾಲ್ಕು ವರ್ಷಕ್ಕೆ ಸತ್ತವನು ಇಲ್ಲಿ ರೂಡಿಯಸ್ ಎಂಬ ಮಗುವಾಗುತ್ತಾನೆ. ಮಂತ್ರ ಬಾಯಲ್ಲಿ ಹೇಳದೆಯೇ ನೀರು, ಬೆಂಕಿ ಎಬ್ಬಿಸುತ್ತಾನೆ. ಅಷ್ಟಿದ್ದೂ ಮನೆಯ ಗೇಟು ದಾಟಲು ಕಾಲು ನಡುಗುತ್ತದೆ. ಕೊನೆಯ ಪರೀಕ್ಷೆಗೆಂದು ಗುರು ರಾಕ್ಸಿ ಅವನನ್ನು ಕುದುರೆ ಮೇಲೆ ಕೂರಿಸಿಕೊಂಡು ಹೊರಡುತ್ತಾಳೆ. ಹೊಲದಲ್ಲಿ ಕೆಲಸ ಮಾಡುವವರು ಅವಳನ್ನು ಮಾತಾಡಿಸುತ್ತಾರೆ. ಅಷ್ಟೇ. ಆ ದಿನ ಅವನು ಬಿರುಗಾಳಿ ಎಬ್ಬಿಸುವ ಮಂತ್ರವನ್ನೂ ಕಲಿಯುತ್ತಾನೆ, ಆದರೆ ನನ್ನ ಕಣ್ಣು ತುಂಬಿದ್ದು ಆ ಗೇಟಿನ ಹತ್ತಿರ.

ಹಿರಣ್ಯಕಶಿಪು ನೆನಪಾದ. ಒಳಗಲ್ಲ, ಹೊರಗಲ್ಲ, ಹಗಲಲ್ಲ, ಇರುಳಲ್ಲ ಅಂತ ಅಷ್ಟು ಹುಷಾರಾಗಿ ವರ ಕೇಳಿದವನಿಗೂ ಹೊಸ್ತಿಲಿನಷ್ಟು ಸಂದು ಉಳಿದಿತ್ತು. ನಮ್ಮ ಪುರಾಣದಲ್ಲಿ ಆ ಸಂದಿನಿಂದ ಸಾವು ಬರುತ್ತದೆ. ನಾನು ಮೆಚ್ಚಿದ ಈ ಕಥೆಗಳಲ್ಲಿ ಅಲ್ಲಿಂದ ಇನ್ನೊಬ್ಬರು ಒಳಗೆ ಬರುತ್ತಾರೆ. ನನ್ನ ಮೊದಲ ನಾಯಕನಿಗೆ ನಾನು ಸಂದೇ ಬಿಟ್ಟಿರಲಿಲ್ಲ.

ಎರಡನೇ ಕಥೆಗೆ ನಲವತ್ಮೂರು ವರ್ಷದ ಒಬ್ಬ ಕೋರ್ಟ್ ಗುಮಾಸ್ತನನ್ನು ತೆಗೆದುಕೊಂಡೆ. ಅವನು ಬೇರೆ ಲೋಕದಲ್ಲಿ ಕುಂಬಾರನ ಮಗನಾಗಿ ಹುಟ್ಟುತ್ತಾನೆ. ಬೆಂಕಿ ಅವನು ಹೇಳಿದಂತೆ ಕೇಳುತ್ತದೆ. ಐದು ವರ್ಷಕ್ಕೇ ಒಂದು ಕಡ್ಡಿ ಸೌದೆ ಇಲ್ಲದೆ ಇಡೀ ಆವಿಗೆಯನ್ನು ಸುಡಬಲ್ಲ. ಆದರೆ ತಿಗರಿಯ ಮೇಲೆ ಅವನ ಮಣ್ಣು ನಿಲ್ಲುವುದಿಲ್ಲ. ಬೆರಳು ಒತ್ತಿದ ಕಡೆ ಗೋಡೆ ತೆಳುವಾಗಿ, ಒಂದು ಸುತ್ತು ಓಲಾಡಿ, ಕುಸಿದು ಬೀಳುತ್ತದೆ. ಇಷ್ಟು ಸಿಕ್ಕಿದ ಮೇಲೆ ಕಂತಿಗೆ ಬರ ಬರಲಿಲ್ಲ.

ಕಷ್ಟವಾಗಿದ್ದು ಮಾತು. ಸ್ಕಿಲ್, ಲೆವೆಲ್ ಹಾಗೇ ಬಿಟ್ಟೆ, ಕನ್ನಡದಲ್ಲಿ ಗೇಮ್ ಆಡುವವರು ಹಾಗೇ ಅನ್ನುವುದು. ತಲೆ ಕೆಡಿಸಿದ್ದು ‘ನಾನು’. ರೂಡಿಯಸ್ ಮನಸ್ಸಿನಲ್ಲಿ ತನ್ನನ್ನು ‘ಒರೆ’ ಅಂದುಕೊಳ್ಳುತ್ತಾನೆ, ಅದು ಬೆಳೆದ ಗಂಡಸಿನ ಒರಟು ‘ನಾನು’. ಬಾಯಿ ತೆರೆದರೆ ‘ಬೊಕು’, ಹುಡುಗನ ಮೆತ್ತನೆಯ ‘ನಾನು’. ಮಗುವಿನೊಳಗೆ ಮುದಿ ಜೀವ ಕೂತಿದೆ ಅಂತ ಆ ಎರಡು ಪದವೇ ಹೇಳುತ್ತವೆ. ಕನ್ನಡದಲ್ಲಿ ಇರುವುದು ಒಂದೇ ‘ನಾನು’.

ತಿಂಗಳು ಹಿಡಿಯಿತು. ಆಮೇಲೆ ದಾರಿ ಸಿಕ್ಕಿದ್ದು ಕ್ರಿಯಾಪದದ ಬಾಲದಲ್ಲಿ. ನನ್ನ ನಾಯಕನ ಹೊಸ ಅಪ್ಪನಿಗೆ ಇಪ್ಪತ್ತನಾಲ್ಕು ವರ್ಷ. ಗುಮಾಸ್ತನ ಕಣ್ಣಿಗೆ ಅವನು ನಿನ್ನೆ ಮೊನ್ನೆಯ ಹುಡುಗ. ಹಾಗಾಗಿ ಮಗು ಬಾಯಲ್ಲಿ ‘ಅಪ್ಪ ಬಂದ್ರು’ ಅನ್ನುತ್ತದೆ, ಮನಸ್ಸಿನಲ್ಲಿ ಮಾತ್ರ ‘ಅಪ್ಪ ಬಂದ’. ಮೂವತ್ತು ಕಂತು ಹೀಗೇ ನಡೆಸಿದೆ. ಜಪಾನಿಯಲ್ಲಿ ಪದ ಬದಲಾದ ಜಾಗದಲ್ಲಿ ನನಗೆ ‘ರು’ ಒಂದೇ ಸಾಕಾಯಿತು.

ಮೂವತ್ತೊಂದನೇ ಕಂತಿನಲ್ಲಿ ಹುಡುಗ ಜಂಬದಿಂದ ಆವಿಗೆಗೆ ಬೆಂಕಿ ಜಾಸ್ತಿ ಕೊಡುತ್ತಾನೆ. ಮಳೆಗಾಲಕ್ಕೆ ಮುಂಚೆ ಮಾರಬೇಕಿದ್ದ ಮಡಕೆಗಳೆಲ್ಲ ಬಿರುಕು ಬಿಡುತ್ತವೆ. ಅಪ್ಪ ಬೈಯುವುದಿಲ್ಲ. ಚೂರುಗಳನ್ನು ಒಂದು ಕಡೆ ಗುಡಿಸಿ, ಮಣ್ಣಿಗೆ ನೀರು ಹಾಕಿ ತುಳಿಯತೊಡಗುತ್ತಾನೆ. ಹುಡುಗ ನೋಡುತ್ತಾ ನಿಂತಿದ್ದಾನೆ. ಅಲ್ಲಿ ಅವನ ಮನಸ್ಸಿನ ಮಾತಾಗಿ ಒಂದು ಸಾಲು ಬರೆದೆ: ‘ಅಪ್ಪ ತಿಗರಿ ಮುಂದೆ ಕೂತರು.’

ಕರಡು ನೋಡಿಕೊಡುತ್ತಿದ್ದವಳು ಅದೇ ಗೆಳತಿ. ತಪ್ಪಾಗಿದೆ ಅಂದುಕೊಂಡು ಕೆಂಪು ಗೆರೆ ಹಾಕಿ ‘ಕೂತ’ ಅಂತ ತಿದ್ದಿದ್ದಳು. ನಾನು ಮತ್ತೆ ‘ಕೂತರು’ ಮಾಡಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಮೊದಲಿಂದ ಓದಲು ಕೂತಿದ್ದಳು.