ಮಲಪ್ರಭೆಯ ದಂಡೆಯಲ್ಲಿ ಹದಿನಾಲ್ಕು ಮಂದಿಯ ಮದುವೆ

ಕಾಡಿನ ಅಂಚಿನಲ್ಲಿ, ಹದಿನಾಲ್ಕು ಮಂದಿಯ ಎದುರು ಮದುವೆಯಾಗುತ್ತೇವೆ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಓಡಿ ಹೋಗಾಕತ್ತೀಯೇನ?" ನಮ್ಮ ಕಡೆ ನಾಲ್ಕು ಮಂದಿಯಲ್ಲಿ ಮುಗಿಯುವ ಮದುವೆಗೆ ಹೆಸರು ಎರಡೇ. ಬೀಗರು ಒಪ್ಪಿ ಯಾದಿ ಬರೆದ ದಿನವೇ ಅಕ್ಕಿಕಾಳು, ಅಂದರೆ ಅಕ್ಷತೆ, ಬಿದ್ದರೆ ಯಾದಿ ಮ್ಯಾಲ ಶಾದಿ, ಇಲ್ಲದಿದ್ದರೆ ಓಡಿ ಹೋದರು. ನಾನು ಬೆಳಗಾವಿಯವಳು, ಅವನು ಇಳಕಲ್ಲಿನವನು, ಜಾತಿ ಬೇರೆ. ಎರಡೂ ಮನೆಯವರು ಹೇಗೋ ಒಪ್ಪಿದ್ದರು. ಆದರೆ ಯಾರ ಪದ್ಧತಿ, ಯಾವ ಸ್ವಾಮಿಗಳು ಎಂಬ ಮಾತು ಬಂದಾಗಲೆಲ್ಲ ಒಪ್ಪಿಗೆ ಅಲುಗಾಡುತ್ತಿತ್ತು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ, ಅಂದರೆ ಪುರೋಹಿತರಿಲ್ಲದೆ ಪ್ರತಿಜ್ಞೆ ಓದಿ, ಸರಳವಾಗಿ ಮಾಡಿಸಿದ್ದು ನಮಗೆ ಧೈರ್ಯ ಕೊಟ್ಟಿತು. ನಮ್ಮ ಪ್ರತಿಜ್ಞೆ ನಾವೇ ಬರೆದುಕೊಳ್ಳುವುದು, ಓದುವುದು ನದಿಯ ದಂಡೆಯಲ್ಲಿ ಎಂದು ನಿಶ್ಚಯಿಸಿದೆವು.

ಅಮೆರಿಕದ ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಮದುವೆಗೆಂದೇ ಪರ್ಮಿಟ್ ಕೊಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ. ಖಾನಾಪುರ ತಾಲೂಕಿನಲ್ಲಿ 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ವನ್ಯಜೀವಿಧಾಮವಿದೆ. ಮೊದಲು ಅಲ್ಲೇ ಎಂದುಕೊಂಡಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿದ ಮೇಲೆ ಆಸೆ ಬಿಟ್ಟೆವು. ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ, ಒಳಗಿರುವ ಜನರೊಂದಿಗಿನ ವ್ಯವಹಾರ, ಇಷ್ಟಕ್ಕೆ ಮಾತ್ರ ಒಳಗೆ ಹೋಗಲು ಅನುಮತಿ. ಮದುವೆ ಆ ಪಟ್ಟಿಯಲ್ಲಿಲ್ಲ. ಇರಬಾರದು ಎಂದೇ ನನ್ನ ಅಭಿಪ್ರಾಯ. ಬಾರಾಪೇಡೆ ಗುಹೆಗಳ ಅಪರೂಪದ ರೌಟನ್ ಬಾವಲಿಗಳು ಇರುವ ಕಾಡು ಅದು. ನಮಗೆ ಒಂದು ಹೂಂ ಅಂದರೆ ನಾಳೆ ಡೋಲು, ಡ್ರೋನು ಎಲ್ಲ ಬರುತ್ತವೆ. ಅವನ ಮನಸ್ಸಿನಲ್ಲಿದ್ದದ್ದು ಬಾದಾಮಿ. ಅಲ್ಲೂ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಕೇಂದ್ರದ ಲಿಖಿತ ಅನುಮತಿ ಇಲ್ಲದೆ ಆರತಕ್ಷತೆ, ಕೂಟ ನಡೆಸುವಂತಿಲ್ಲ.

ಕೊನೆಗೆ ಸಿಕ್ಕಿದ್ದು ಜಾಂಬೋಟಿಯಿಂದ ಕಣಕುಂಬಿಯ ದಾರಿಯಲ್ಲಿ ಪರಿಚಿತರೊಬ್ಬರ ಹೊಲ, ಅದರ ಅಂಚಿಗೇ ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟುವ ನದಿ ಅಲ್ಲಿ ಇನ್ನೂ ಕೂಸು. ಹೊಲದ ಉತಾರ (ಪಹಣಿ) ತೆಗೆಸಿ, ಸರ್ವೆ ನಂಬರು ವನ್ಯಜೀವಿಧಾಮದ ಗಡಿಯ ಹೊರಗಿದೆ ಎಂದು ಖಾತ್ರಿ ಮಾಡಿಕೊಂಡು, ಹೊಲದವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡೆವು.

ನಾವು ಎಡವಿದ್ದು ಕಾಗದದಲ್ಲಿ. ವಿಶೇಷ ವಿವಾಹ ಕಾಯ್ದೆ, 1954ರ ಪ್ರಕಾರ ಇಬ್ಬರಲ್ಲಿ ಒಬ್ಬರಾದರೂ, ಮದುವೆಯಾಗುತ್ತೇವೆ ಎಂಬ ನೋಟಿಸನ್ನು ವಿವಾಹಾಧಿಕಾರಿಗೆ ಕೊಡುವ ಮೊದಲು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನಾನು ಬೆಂಗಳೂರಿನ ಕೆಲಸ ಬಿಟ್ಟು ಬಂದು ಹನ್ನೆರಡು ದಿನವಾಗಿತ್ತಷ್ಟೆ. ಅವನಿದ್ದದ್ದು ಬಾಗಲಕೋಟೆ ಜಿಲ್ಲೆಯಲ್ಲಿ. ಅರ್ಜಿ ಹಿಂದಕ್ಕೆ ಬಂತು. ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು, ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು, ಮೂವರು ಸಾಕ್ಷಿಗಳಿರಬೇಕು. ಹೀಗೆ ನವೆಂಬರಿನ ಮದುವೆ ಜನವರಿಗೆ ಹೋಯಿತು. ಜಾಗ, ಸೀರೆ, ಊಟ ಎಲ್ಲ ಆಮೇಲೆ. ಮೊದಲು ಈ ದಿನಗಳ ಲೆಕ್ಕ ಹಾಕಿ. ಹೆಚ್ಚುವರಿ ಶುಲ್ಕ ಕೊಟ್ಟರೆ ಕಚೇರಿಯಿಂದ ತೀರಾ ದೂರವಲ್ಲದ ಕಡೆ ವಿವಾಹಾಧಿಕಾರಿ ಬರಲು ಕಾಯ್ದೆಯಲ್ಲಿ ಅವಕಾಶವಿದೆ. ನಾವು ಅದರ ಬೆನ್ನು ಹತ್ತದೆ, ಹಿಂದಿನ ದಿನ ಶುಕ್ರವಾರ ಬೆಳಗಾವಿಯಲ್ಲೇ ಸಹಿ ಮಾಡಿದೆವು. ಮೂವರು ಸಾಕ್ಷಿಗಳ ಎದುರು, ಇವರನ್ನು ಪತಿಯಾಗಿ ಸ್ವೀಕರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಆ ಒಂದು ಸಾಲಿಗೆ ನನ್ನ ದನಿ ನಡುಗಿತು.

ಜಾಗವನ್ನು ಎರಡು ಸಲ ನೋಡಿ ಬಂದಿದ್ದೆವು. ಮದುವೆಯ ಹೊತ್ತಿಗೇ ಹೋಗಿ ನೋಡಬೇಕು, ಮಧ್ಯಾಹ್ನ ನೋಡಿದ ಜಾಗ ಮುಂಜಾನೆ ಬೇರೆಯೇ. ಎಂಟೂವರೆವರೆಗೂ ದಟ್ಟ ಮಂಜು, ಒಂಬತ್ತರ ಮೇಲೆ ಬಿಸಿಲು ನೀರಿಗೆ ಇಳಿಯುತ್ತಿತ್ತು. ಎರಡನೆಯ ಸಲ ಅವನು ತಲೆ ಎತ್ತಿ ಸುಮ್ಮನೆ ನಿಂತುಬಿಟ್ಟ. ನಾವು ಆರಿಸಿದ್ದ ಮತ್ತಿ ಮರದ ಕೊಂಬೆಗೆ ಎರಡು ಹೆಜ್ಜೇನು ಗೂಡು, ಮೊರದಷ್ಟು ಅಗಲ, ಕಪ್ಪಗೆ ಮಿಸುಕಾಡುತ್ತಿದ್ದವು. ಮುಹೂರ್ತದ ಜಾಗವನ್ನು ಇನ್ನೂರು ಹೆಜ್ಜೆ ಕೆಳಕ್ಕೆ ಒಯ್ದೆವು. ಊದುಬತ್ತಿ, ಲೋಬಾನ, ಕರ್ಪೂರ, ಸೆಂಟು ಯಾವುದೂ ಬೇಡ ಎಂದು ಪ್ರತಿಯೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಹೊಗೆ ಕಂಡರೆ ಹೆಜ್ಜೇನು ಏಳುತ್ತದೆ, ಎದ್ದರೆ ಅಲ್ಲಿ ಓಡಲು ಬಯಲಿಲ್ಲ. ಒಲೆಯನ್ನೂ ಹೂಡಲಿಲ್ಲ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಹೋಳಿಗೆ, ಕುಂದಾ ಎಲ್ಲ ಮನೆಯಿಂದಲೇ. ಉಂಡದ್ದು ಮುತ್ತುಗದ ಪತ್ರಾವಳಿಯಲ್ಲಿ. ಅವನ್ನೂ ಚೀಲ ತುಂಬಿ ವಾಪಸು ತಂದೆವು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ದಾರಿಯನ್ನು ಕಾಗದದ ಮೇಲೆ ಬರೆದು ಪ್ರತಿ ಗಾಡಿಗೂ ಕೊಟ್ಟಿದ್ದೆ.

ಅವ್ವನ ಸಂಕಟ ಮಾತ್ರ ಬೇರೆ ಇತ್ತು. "ಮಂದಿ ಮದುವಿ ಎಷ್ಟು ಉಂಡೀವಿ, ಹೊಳ್ಳಿ ಉಣಸೋದು ಬ್ಯಾಡೇನ?" ಅವಳು ಹೇಳಿದ್ದು ಸರಿ. ತಿಂಗಳೊಪ್ಪತ್ತಿನಲ್ಲಿ ಊರಲ್ಲಿ ಒಂದು ಹೋಳಿಗೆ ಊಟ ಹಾಕುವುದೆಂದು ಮಾತು ಕೊಟ್ಟೆವು, ಹಾಕಿದೆವು. ಇದನ್ನು ಬಿಟ್ಟುಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಚಿಕ್ಕ ಮದುವೆ ನಮ್ಮ ಆಸೆ, ಉಣಿಸುವ ಋಣ ಹೆತ್ತವರದು.

ಶನಿವಾರ ಒಂಬತ್ತೂಕಾಲಕ್ಕೆ, ಅತ್ತೆ ಉಟ್ಟು ಮೆತ್ತಗಾಗಿದ್ದ ಇಳಕಲ್ ಸೀರೆಯಲ್ಲಿ ನಾನು ನಿಂತೆ. ನೀರು ಮೀನಖಂಡದವರೆಗೆ, ಹಲ್ಲು ಕಟಕಟಿಸುವಷ್ಟು ತಣ್ಣಗೆ. ಪ್ರತಿಜ್ಞೆಯ ಹಾಳೆ ಅವನ ಕೈಯಲ್ಲಿ ಅಲುಗುತ್ತಿತ್ತು. ಅಕ್ಕಿಕಾಳಿಗೆ ಬಣ್ಣ ಬೇಡ ಎಂದಿದ್ದಕ್ಕೆ ಅವ್ವ ಬಿಳಿಜೋಳಕ್ಕೆ ಮನೆಯ ಅರಿಷಿಣವನ್ನಷ್ಟೇ ಹಚ್ಚಿ ತಂದಿದ್ದಳು. ಕಾಳು ಹೊಳೆಗೆ ಬೀಳಬಾರದೆಂದು ನಾವಿಬ್ಬರೂ ಮೇಲೆ ಬಂದು ಜಮಖಾನದ ಮೇಲೆ ನಿಂತೆವು, ಹದಿನಾಲ್ಕು ಕೈಗಳು ಒಟ್ಟಿಗೆ ಎದ್ದವು. ಎಲ್ಲ ಮುಗಿದ ಮೇಲೆ ಅವ್ವ ಮೊಣಕಾಲೂರಿ ಆ ಜಮಖಾನದ ಕಾಳನ್ನೆಲ್ಲ ಸೆರಗಿಗೆ ತುಂಬಿಕೊಂಡಳು. ವಾಪಸು ಬರುವಾಗ ಜಾಂಬೋಟಿ ದಾಟುವವರೆಗೂ ಒಂದು ಮಾತಾಡದೆ, ನನ್ನ ಜಡೆಯಲ್ಲಿ ಸಿಕ್ಕಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅದೇ ಗಂಟಿಗೆ ಸೇರಿಸುತ್ತಿದ್ದಳು.